ಬಾಣಂತಿ ಕೋಣೆಯ ಕಿಟಕಿ

ಹೆತ್ತು ಇಪ್ಪತ್ತೆರಡನೆಯ ದಿನ ಬೆಳಿಗ್ಗೆಯೇ ಅವ್ವನ ಮೇಲೆ ಕೂಗಾಡಿದ್ದೆ. ಕೂಗಾಡದೆ ಇನ್ನೇನು ಮಾಡಲಿ? ರಾಜಾಜಿನಗರದ ತವರುಮನೆಯ ನಡುಕೋಣೆಯಲ್ಲಿ ನನ್ನನ್ನೂ ಮಗುವನ್ನೂ ಉಪ್ಪಿನಕಾಯಿ ಜಾಡಿಯೊಳಗೆ ಇಟ್ಟಂತೆ ಮುಚ್ಚಿಟ್ಟಿದ್ದಳು. ಇದ್ದ ಒಂದೇ ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದ್ದಳು. ಮೂಲೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ, ಅದಕ್ಕೆ ಆಗಾಗ ಸಾಂಬ್ರಾಣಿ. ನನ್ನ ಕಿವಿ ಮುಚ್ಚುವಂತೆ ತಲೆಗೊಂದು ಬಟ್ಟೆ ಬೇರೆ. ಬಿಚ್ಚಿದರೆ ರಂಪ.

"ಒಂಚೂರು ಗಾಳಿ ಆಡ್ಲಿ ಬಿಡವ್ವ, ಉಸಿರು ಕಟ್ಟುತ್ತೆ."

"ಗಾಳಿ ತಗುಲಿದ್ರೆ ಮುಂದೆ ಅನುಭವಿಸೋಳು ನೀನೇ ಕಣೇ. ಕಿವಿ ಕಟ್ಕೋ ಮೊದ್ಲು," ಎಂದು ಗೊಣಗುತ್ತ ಅವ್ವ ಹಿತ್ತಲಿಗೆ ಬಟ್ಟೆ ಒಗೆಯಲು ಹೋದಳು. ಅಪ್ಪ ಆಗಲೇ ಆಫೀಸಿಗೆ ಹೋಗಿಯಾಗಿತ್ತು.

ನಾನೂ ಬಿ.ಎಸ್ಸಿ. ಓದಿದವಳು. ಅವಳು ಅತ್ತ ಹೋದದ್ದೇ ಸೀರೆಯ ತುಂಡೊಂದನ್ನು ಎಳೆದು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದೆ. ಸ್ವಲ್ಪ ಹೊತ್ತಿಗೆ ಉಚ್ಚೆಯ ನಾತ ಬಂತು. "ಮತ್ತೆ ಹುಯ್ಕೊಂಡ್ಯಾ, ಕಳ್ಳಿ?" ಎಂದು ಮಗುವಿನ ಕೆಳಗೆ ಕೈಯಾಡಿಸಿದೆ. ಬಟ್ಟೆ ಒಣಗಿತ್ತು. ನನ್ನ ಕಣ್ಣು ಉರಿಯತೊಡಗಿತು.

ಅಷ್ಟರಲ್ಲಿ ಬೀದಿಯಲ್ಲಿ ಯಾರೋ "ಗ್ಯಾಸ್ ಲೀಕು! ಗ್ಯಾಸ್ ಲೀಕು!" ಎಂದು ಕೂಗುತ್ತ ಓಡಿದರು. ನಮ್ಮ ಸಾಲಿನಲ್ಲಿ ಆಗ ಗ್ಯಾಸ್ ಒಲೆ ಇದ್ದದ್ದು ಎರಡೇ ಮನೆಗೆ, ನಮಗೆ ಮತ್ತು ಪಕ್ಕದ ಅನಂತಲಕ್ಷ್ಮಿಯವರಿಗೆ. ಸಿಲಿಂಡರು ಕೂರಿಸಿಕೊಟ್ಟವನು ಅವ್ವನ ಬಾಯಲ್ಲಿ ಪಾಠದ ಹಾಗೆ ಹೇಳಿಸಿದ್ದ: ಗ್ಯಾಸ್ ವಾಸನೆ ಬಂದರೆ ಮೊದಲು ಕಿಟಕಿ ಬಾಗಿಲು ತೆಗೀಬೇಕು.

"ಜಯಾ! ನಿಮ್ಮನೇದೋ ನಮ್ಮನೇದೋ ಗೊತ್ತಿಲ್ಲ ಕಣಮ್ಮಾ, ಎಲ್ಲಾ ಕಿಟ್ಕಿ ತೆಗೀ!" ಅನಂತಲಕ್ಷ್ಮಿಯವರು ಕಾಂಪೌಂಡಿನಾಚೆಯಿಂದ ನನ್ನನ್ನು ಕೂಗಿ ಅರಚಿದರು.

ಮಗುವಿರುವ ಕೋಣೆಯ ಬಾಗಿಲೆಳೆದುಕೊಂಡು ಓಡಿದೆ. ಸಿಲಿಂಡರಿನ ತಿರುಗಣೆ ಮುಚ್ಚಿದೆ. ಹಾಲಿನ ಎರಡೂ ಕಿಟಕಿಗಳನ್ನು, ಬೀದಿ ಬಾಗಿಲನ್ನು ಹಾರು ಹೊಡೆದೆ. ಹೊರಗಿನಿಂದ ನುಗ್ಗಿದ ನಾತ ನೇರ ಗಂಟಲಿಗೇ ಹೊಡೆಯಿತು. ಕಣ್ಣೀರು ಧಾರಾಕಾರ.

ಹಿತ್ತಲಿನಿಂದ ಅವ್ವ ಮೂಗಿಗೆ ಸೆರಗು ಒತ್ತಿಕೊಂಡು ಬಂದಳು. "ಹಿಂದಿನ ಬೀದಿ ಐಸ್ ಫ್ಯಾಕ್ಟರಿಯಿಂದ ಬೆಳ್ಳಗೆ ಹೊಗೆ ಬರ್ತಾ ಇದೆ! ಕಿಟ್ಕಿ ಯಾಕೆ ತೆಗೆದ್ಯೇ, ಮುಂಡೇದೇ?"

ಆಗ ಹೊಳೆಯಿತು. ಐಸ್ ಗಟ್ಟಿಯಾಗಿಸಲು ಬಳಸುವ ಅಮೋನಿಯಾ. ಕಾಲೇಜಿನ ಲ್ಯಾಬಿನಲ್ಲಿ ನಾನೇ ಮೂಗು ಹಿಡಿದುಕೊಂಡು ಮಾರು ದೂರ ಸರಿಯುತ್ತಿದ್ದ ಅದೇ ಅಮೋನಿಯಾ. ಗ್ಯಾಸು ಎಂದರೆ ಒಲೆಯದೊಂದೇ ಎಂದುಕೊಂಡ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಮಗು ಎತ್ಕೊಂಡು ಓಡಿಹೋಗೋಣ್ವಾ?"

"ಆ ಹೊಗೆಯೊಳಗಾ? ನಡಿ ಒಳಗೆ!"

ಕೋಣೆಗೆ ನುಗ್ಗಿ ಚಿಲಕ ಹಾಕಿದೆವು. ಅವ್ವ ಕಿಟಕಿ ಎಳೆದು ಮುಚ್ಚಿದಳು. "ಒದ್ದೆ ಮಾಡವ್ವ, ನೀರು ಅದನ್ನ ಹಿಡ್ಕೊಳುತ್ತೆ," ಎಂದೆ. ಬಿಂದಿಗೆಯ ನೀರಿನಲ್ಲಿ ಸೀರೆ ಅದ್ದಿ ಅದ್ದಿ ಸಂದಿಗೆ ತುರುಕಿದೆವು. ಒಂದು ಕಡೆ ಬಟ್ಟೆ ಸಾಲದೆ ಬಂತು. ತಲೆಗೆ ಕಟ್ಟಿದ್ದನ್ನು ಬಿಚ್ಚಿ ನೆನೆಸಿ ಅಲ್ಲಿಗೆ ತುರುಕಿದೆ. ಅವ್ವ ನನ್ನ ಬರಿಗಿವಿ ನೋಡಿದಳು, ಮತ್ತೆ ಸಂದಿಯತ್ತ ತಿರುಗಿ ಬಟ್ಟೆ ಒತ್ತಿದಳು.

ನಾತ ತಗ್ಗಲೆಂದು ಅವಳು ಅಗ್ಗಿಷ್ಟಿಕೆಗೆ ಇನ್ನಷ್ಟು ಸಾಂಬ್ರಾಣಿ ಹಾಕಹೊರಟಳು. ನಾನು ಕೈ ಹಿಡಿದೆ.

"ಬೇಡವ್ವ. ಇಷ್ಟು ಬಿಗಿಯಾಗಿ ಮುಚ್ಚಿದ ಮೇಲೆ ಇದ್ದಿಲು ಒಳಗಿರಬಾರ್ದು. ಇದೇ ಮಗೂನ ಕೊಂದುಬಿಡುತ್ತೆ. ನೀರು ಹುಯ್ದುಬಿಡು."

"ಇಲ್ಲಿ ಹುಯ್ದ್ರೆ ಬೂದಿ, ಹೊಗೆ ಎಲ್ಲಾ ಕೂಸಿನ ಮೂಗಿಗೇ ಅಲ್ವೇನೇ?"

ಒಂದು ಗಳಿಗೆ ಕೆಂಡವನ್ನೂ ಮಗುವನ್ನೂ ನೋಡಿದಳು. ಮರುಕ್ಷಣ ಸೆರಗನ್ನು ಬಿಂದಿಗೆಗೆ ಅದ್ದಿ ಮೂಗಿಗೆ ಸುತ್ತಿಕೊಂಡು, ಅಗ್ಗಿಷ್ಟಿಕೆ ಎತ್ತಿಕೊಂಡು ಹೊರಗೆ ಹೋಗಿಬಿಟ್ಟಳು. ನಾನೇ ಕಿಟಕಿ ತೆರೆದು ವಿಷ ತುಂಬಿಸಿಟ್ಟಿದ್ದ ಹಾಲಿಗೆ.

ಬಾಗಿಲ ಕೆಳಗೆ ಒದ್ದೆ ಬಟ್ಟೆ ಒತ್ತಿ ಕಾದೆ. ಹಾಲಿನ ಕಿಟಕಿಗಳು ಒಂದೊಂದೇ ಧಡಾರನೆ ಮುಚ್ಚಿಕೊಂಡವು, ಆಮೇಲೆ ಬೀದಿ ಬಾಗಿಲು. ಕೆಮ್ಮು ಹತ್ತಿರ ಬಂತು.

"ಅವ್ವಾ, ಬೇಗ ಬಾ! ತೆಗೀತೀನಿ."

"ತೆಗೀಬೇಡ!" ಕೆಮ್ಮಿನ ನಡುವೆಯೂ ಅವಳ ಗದರಿಕೆ. "ಇಲ್ಲೆಲ್ಲಾ ತುಂಬ್ಕೊಂಡಿದೆ. ನನ್ನ ಮೈಯೆಲ್ಲಾ ಅದೇ ನಾತ. ಈ ಬಟ್ಟೇಲಿ ಬಾಣಂತಿ ಕೋಣೆಗೆ ಬರ್ತಾರೇನೇ?"

ಆಚೆಯಿಂದಲೂ ಅವಳು ಸಂದಿಗೆ ಏನನ್ನೋ ತುರುಕುತ್ತಿರುವುದು ಕೇಳಿಸಿತು. ಆಮೇಲೆ ಕೆಮ್ಮು. ಆಮೇಲೆ ಅದೂ ನಿಂತಿತು.

ಜನ್ಮದಲ್ಲಿ ಅಷ್ಟು ಹೆದರಿದ್ದಿಲ್ಲ. ಚಿಲಕ ಸರಿಸಿದೆ. ಮಗು ಸೀನಿತು. ಮತ್ತೆ ಚಿಲಕ ಹಾಕಿದೆ. ಹೆತ್ತವಳನ್ನು ಹೊರಗಿಟ್ಟು, ಹೆತ್ತದ್ದನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅತ್ತೆ. "ಅವ್ವಾ, ಬಾಗಿಲಾದ್ರೂ ತಟ್ಟೇ" ಎಂದೆ. ಬಹಳ ಹೊತ್ತಿನ ಮೇಲೆ ಒಂದು ಸಲ, ಮೆಲ್ಲಗೆ, ತಟ್ಟಿದಳು. ಮತ್ತೆ ತಟ್ಟಲಿಲ್ಲ.

ಫೈರ್ ಇಂಜಿನ್ನಿನ ಗಂಟೆ ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ ಬೀದಿಯಲ್ಲಿ ಯಾರೋ ಗಂಡಸು, "ನಿಂತೋಯ್ತು! ಗಾಳಿ ತಿಳಿಯಾಯ್ತು, ಬಾಗ್ಲು ತೆಗೀರಿ!" ಎಂದು ಕೂಗಿಕೊಂಡು ಹೋದ.

ತೆರೆದೆ. ಅವ್ವ ಹೊಸ್ತಿಲಿಗೆ ಒರಗಿಕೊಂಡು ಕುಳಿತಿದ್ದಳು. ಉಟ್ಟ ಸೀರೆಯ ಅರ್ಧ ಬಿಚ್ಚಿ, ನೆನೆಸಿ, ಸಂದಿಗೆ ತುರುಕಿದ್ದಳು. ಕಣ್ಣು ಊದಿ ಮುಚ್ಚಿಹೋಗುವಂತಿತ್ತು. ಎದೆ ಏದುತ್ತಿತ್ತು. ಸದ್ಯ, ಏದುತ್ತಿತ್ತು.

"ಅವ್ವಾ, ಮಾತಾಡವ್ವ! ಬೈಯವ್ವ, ಬೇಕಾದ್ರೆ ಬೈಯಿ!"

ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಅವಳ ಆ ಕಂಚಿನ ಸ್ವರ ಮುಂದೆಯೂ ಪೂರ್ತಿ ಮರಳಲಿಲ್ಲ. ಕಣ್ಣು ಕಿರಿದು ಮಾಡಿ ಮಗುವನ್ನು ನೋಡಿದಳು, ಅದರ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿದಳು. ಆಮೇಲೆ ನನ್ನತ್ತ ತಿರುಗಿ, ಬೆರಳಿನಿಂದ ತನ್ನ ಕಿವಿ ಮುಟ್ಟಿ ತೋರಿಸಿದಳು.

ನಾನು ಸೆರಗು ಎಳೆದು ಎರಡೂ ಕಿವಿ ಬಿಗಿಯಾಗಿ ಸುತ್ತಿಕೊಂಡೆ. ಆಗ ಕೈ ಇಳಿಸಿದಳು.