ಬಾಗಿಲ ಕಡೆ ನೋಡಬಾರದು

"ಸಂಬಳ ಈಸ್ಕೊಳ್ಳೋಕೆ ಕೈ ಮುಂದೆ ಬರುತ್ತೆ, ಹಾರೆ ಹಿಡಿಯೋಕೆ ಲಕ್ವ ಹೊಡೆದಿದ್ಯಾ? ಒಡಿಯೇ ಮುಂಡೆ!"

"ನನ್ನ ಗಂಡ ಬದುಕಿದಾನೆ ಸಾಹೇಬ್ರೇ. ಅಗೋ, ಹೊಸ್ತಿಲಲ್ಲಿ ಕೂತಿದಾನೆ."

ಇನ್ಸ್‌ಪೆಕ್ಟರು ಹೊಸ್ತಿಲ ಕಡೆ ತಿರುಗಿಯೂ ನೋಡಲಿಲ್ಲ. ಹಾರೆಯಕ್ಕನ ಕೈಯಲ್ಲಿ ಹಾರೆ ಹಾಗೇ ನಿಂತಿತ್ತು.

ನಗರಸಭೆಯ ಒಡೆಯುವ ಗ್ಯಾಂಗಿನಲ್ಲಿ ಅವಳಷ್ಟು ಹಳಬರು ಇನ್ನೊಬ್ಬರಿಲ್ಲ. ಹಾರೆಯಕ್ಕ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ಗ್ಯಾಂಗಿಗೆ ಹೊಸಬರು ಬಂದರೆ ಅವಳು ಹೇಳಿಕೊಡುತ್ತಿದ್ದ ಮೊದಲ ಮಾತು, "ಬಾಗಿಲ ಕಡೆ ನೋಡ್ಬೇಡ. ನೋಡಿದ್ರೆ ಕೈ ಏಳಲ್ಲ." ಅದಕ್ಕೇ ಮನೆ ಯಾರದು ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಲಾರಿ ನಿಂತಲ್ಲಿ ಇಳಿಯುವುದು, ತಲೆ ತಗ್ಗಿಸಿ ಒಡೆಯುವುದು, ತುಂಬುವುದು, ಮತ್ತೆ ಲಾರಿ ಹತ್ತುವುದು. ಇವತ್ತು ಲಾರಿ ತನ್ನ ಬೀದಿಗೇ ತಿರುಗಿದಾಗಲೂ ಅವಳಿಗೆ ಹೊಳೆಯಲಿಲ್ಲ. ಪಾಪ, ಯಾರ ಗ್ರಹಚಾರವೋ ಅಂದುಕೊಂಡು ಇಳಿದಳು. ಕಣ್ಣೆತ್ತಿದರೆ ತನ್ನದೇ ಬಾಗಿಲು.

ಒಡೆಯಬೇಕಾದದ್ದು ಬಾಗಿಲ ಮುಂದಿನ ಇಳಿಜಾರು. ಮೊದಲು ಅಲ್ಲಿ ಮೆಟ್ಟಿಲಷ್ಟೇ ಇದ್ದವು. ಇದೇ ಗ್ಯಾಂಗಿನ ಲಾರಿ ಹಿಂದಕ್ಕೆ ಬರುವಾಗ ಗಂಡನ ಎರಡೂ ಕಾಲು ಚಕ್ರದಡಿ ಹೋದವು. ಆಮೇಲೆ ಗ್ಯಾಂಗಿನವರೆಲ್ಲ ಸೇರಿ, ಅಲ್ಲಿ ಇಲ್ಲಿ ಉಳಿದ ಸಿಮೆಂಟು ತಂದು, ಮೆಟ್ಟಿಲ ಮೇಲೆ ಇಳಿಜಾರು ಎಳೆದುಕೊಟ್ಟಿದ್ದರು. ದಿನಾ ಬೆಳಿಗ್ಗೆ ಅವನು ಗಾಲಿಹಲಗೆಯ ಮೇಲೆ ಸರ್ರನೆ ಇಳಿದು ಬೀದಿ ತುದಿಯಲ್ಲಿ ಬೀಗ ರಿಪೇರಿಗೆ ಕೂರುತ್ತಿದ್ದ. ಅಷ್ಟೇ ಅವನ ಪ್ರಪಂಚ. ಆ ಇಳಿಜಾರು ಒಂದು ಗೇಣು ಫುಟ್‌ಪಾತಿಗೆ ಚಾಚಿದೆ ಅಂತ ಒಂದು ನೋಟಿಸು ಬಂದಿತ್ತು. ಎದುರು ಮನೆಯ ಕಾರಿಗೂ ಒಂದು ಇಳಿಜಾರಿತ್ತು, ಇದರ ನಾಲ್ಕರಷ್ಟು ಅಗಲದ್ದು. ಕಾರಿಗೆ ಅನುಮತಿ ಇತ್ತು, ಕಾಲಿಲ್ಲದವನಿಗೆ ಇರಲಿಲ್ಲ.

ಅವಳು ಅನುಮತಿ ಕೇಳದೆ ಬಿಟ್ಟಿರಲಿಲ್ಲ. ನಿನ್ನ ಮನೆಯ ಗಾರೆ ಉದುರಿದೆ, ಬೀದಿಯ ಅಂದ ಕೆಡುತ್ತೆ, ಮೊದಲು ಅದನ್ನ ಸರಿಮಾಡು, ಆಮೇಲೆ ಅನುಮತಿ ಅಂದರು ನಗರಸಭೆಯವರು. ಗಾರೆ ಮೆತ್ತಿ ಸುಣ್ಣ ಬಳಿದಳು. ಯಾರನ್ನ ಕೇಳಿ ಗೋಡೆ ಮುಟ್ಟಿದೆ ಅಂತ ಇನ್ನೊಂದು ನೋಟಿಸು ಬಂತು. ನೋಟಿಸು ಇರುವ ಮನೆಗೆ ಅನುಮತಿ ಕೊಡುವ ಹಾಗಿಲ್ಲವಂತೆ. ಇಂಥ ಕಾನೂನು ಬರೆದವನ ಬಾಯಿಗೆ ಮಣ್ಣು ಹಾಕ!

ಮೇಸ್ತ್ರಿ ಹತ್ತಿರ ಬಂದು ಮೆಲ್ಲಗೆ ಅಂದ: "ಅಕ್ಕಾ, ನೀನು ಒಡೀದೆ ಹೋದ್ರೆ ಇವತ್ತೇ ನಿನ್ನ ಕೆಲ್ಸ ಕಿತ್ತಾಕ್ತಾನೆ. ನಾಳೆ ಬೇರೆ ಗ್ಯಾಂಗ್ ಬಂದು ಒಡೀತದೆ. ಎರಡೂ ಹೋಗುತ್ತೆ ನಿಂಗೆ."

"ನೀನು ಒಡೀತೀಯಾ?"

ಮೇಸ್ತ್ರಿ ಹಾರೆ ಮುಟ್ಟದೆ ಹಿಂದೆ ಸರಿದ. ಇಳಿಜಾರಿನ ಅಂಚನ್ನು ಕರಣೆ ಹಿಡಿದು ನುಣುಪು ಮಾಡಿದವನೇ ಅವನು.

ಹೊಸ್ತಿಲಿಂದ ಗಂಡ ಕೂಗಿದ: "ಒಡಿಯೇ. ಕೆಲ್ಸ ಉಳಿಸ್ಕೋ. ನಾನು ಒಳಗಿರ್ತೀನಿ ಬಿಡು."

ಒಳಗೆ ಅಂದರೆ ಕಿಟಕಿಯಿಲ್ಲದ ಒಂದೇ ಕೋಣೆ. ಅವಳು ಬಾಗಿಲ ಕಡೆ ನೋಡದೆ ಹಾರೆ ಎತ್ತಿ ಹಾಕಿದಳು. ತಾನೇ ಕಲಸಿದ ಸಿಮೆಂಟು, ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಗ್ಯಾಂಗಿನವರು ಒಬ್ಬರೂ ಕೈ ಹಚ್ಚಲಿಲ್ಲ. ಕೊನೆಗೆ ಅಡಿಯಿಂದ ಹಳೆಯ ಮೆಟ್ಟಿಲು ಹೊರಬಂದವು.

"ಮನೆ ಮುಂದೆ ಕೆಲ್ಸಕ್ಕೆ ಬಾರದ್ದು ಒಂದು ಚೂರೂ ಇರ್ಬಾರ್ದು. ರೂಲು ರೂಲೇ. ಎಲ್ಲ ಲಾರಿಗೆ ಹಾಕ್ರೋ," ಅಂದರು ಇನ್ಸ್‌ಪೆಕ್ಟರು. ಯಾರೂ ಅಲುಗಲಿಲ್ಲ. "ಬೋಳಿಮಕ್ಳಾ, ಕಿವಿ ಕೇಳ್ಸಲ್ವಾ?" ಅನ್ನುತ್ತಾ ಬಾಗಿಲ ಪಕ್ಕ ಒರಗಿಸಿದ್ದ ಗಾಲಿಹಲಗೆಯನ್ನು ತಾವೇ ಎಳೆದು ಲಾರಿಗೆ ಎಸೆದರು.

ಹಲಗೆ ಬಿದ್ದ ಸದ್ದಿಗೆ ಹಾರೆಯಕ್ಕ ತಲೆ ಎತ್ತಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ, ಕೆಲಸದ ನಡುವೆ, ಬಾಗಿಲ ಕಡೆ ನೆಟ್ಟಗೆ ನೋಡಿದಳು. ಗಂಡ ಎರಡೂ ಕೈ ಚಾಚಿದ.

"ಎತ್ಕೊಳ್ಳೇ ನನ್ನ. ಕಾಲು ಇವ್ರೇ ತಗೊಂಡಿದಾರೆ, ಮಿಕ್ಕಿದ್ದನ್ನೂ ತಗೊಂಡೋಗ್ಲಿ."

ಹಾರೆ ಬಿಸಾಕಿ ಅವನನ್ನು ಬೆನ್ನಿಗೇರಿಸಿಕೊಂಡಳು. ಮೆಟ್ಟಿಲಿಳಿದು, ಗ್ಯಾಂಗಿನ ನಡುವೆಯೇ ನಡೆದು, ಲಾರಿಯ ಹಿಂದೆ ಖಾಲಿ ನಿಂತಿದ್ದ ಇನ್ಸ್‌ಪೆಕ್ಟರ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದಳು.

"ಏಯ್! ಇಳಿಸೇ ಅವನನ್ನ!"

"ಮನೆ ಮುಂದೆ ಒಂದು ಚೂರೂ ಇರ್ಬಾರ್ದು ಅಂದ್ರಲ್ಲ, ಸಾಹೇಬ್ರೇ. ಬೇಡ ಅಂದ್ರೆ ನೀವೇ ಎತ್ಕೊಂಡು ಮೆಟ್ಟಿಲು ಹತ್ತಿಸಿ. ಬೆಳಿಗ್ಗೆ ಬಂದು ಇಳಿಸಿ, ಸಂಜೆ ಬಂದು ಹತ್ತಿಸಿ. ದಿನಾ! ಅದಕ್ಕೂ ಒಂದು ರೂಲು ಮಾಡ್ಕೊಳ್ಳಿ!"

"ಮೇಸ್ತ್ರಿ! ಎಳೆದು ಹಾಕೋ ಇವನನ್ನ ಆಚೆಗೆ!"

ಮೇಸ್ತ್ರಿ ಲಾರಿ ಹತ್ತಿ ಗಾಲಿಹಲಗೆ ಇಳಿಸಿಕೊಂಡು ಬಂದ. ಅದನ್ನು ಹಾರೆಯಕ್ಕನ ಕಾಲ ಬಳಿ ಇಟ್ಟು, ಒಡೆದ ಸಿಮೆಂಟಿನ ಮೇಲೆ ಕೂತುಬಿಟ್ಟ. ಒಬ್ಬೊಬ್ಬರಾಗಿ ಉಳಿದವರೂ ಕೂತರು.

ಇನ್ಸ್‌ಪೆಕ್ಟರು ಜೀಪಿನ ಕಡೆ ಓಡಿದರು. ಅಷ್ಟರಲ್ಲಿ ಒಳಗೆ ಕೂತ ಬೀಗ ರಿಪೇರಿಯವನು ಗಾಜು ಏರಿಸಿ ತನ್ನ ಕಡೆಯ ಲಾಕು ಒತ್ತಿದ್ದ. ನಿಧಾನಕ್ಕೆ ಬಗ್ಗಿ, ಕೈ ಚಾಚಿ, ಡ್ರೈವರ್ ಕಡೆಯದನ್ನೂ ಒತ್ತಿದ. ಜೀಪಿನ ಕೀ ಒಳಗೇ ನೇತಾಡುತ್ತಿತ್ತು.