ಮೀನಿನ ಮೈಮೇಲಿನ ಧೂಳು

ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಿಕೊಂಡು ಅವಳು ಟಾರ್ಚನ್ನು ಮೀನಿನ ಟ್ಯಾಂಕಿನ ಗಾಜಿಗೆ ಓರೆಯಾಗಿ ಹಿಡಿದಳು. ನೀಲಿ ಮೀನು ಬೆಳಕಿಗೆ ಬೆದರಿ ಬಂಡೆಯ ಸಂದಿಗೆ ತೂರಿಕೊಂಡಿತು. ತೂರುವಾಗ ಅದರ ಪಕ್ಕೆಯ ಮೇಲೆ ಏನೋ ಮಿಂಚಿತು. ಜರಡಿ ಹಿಡಿದ ಹಿಟ್ಟು ಉದುರಿದ ಹಾಗೆ, ಹಳದಿ ಎನ್ನಲಾಗದ ಕಂದು ಎನ್ನಲಾಗದ ಬಣ್ಣದ ಧೂಳು.

“ಹಾಡುಹಗಲಲ್ಲಿ ಕತ್ತಲು ಮಾಡ್ಕೊಂಡು ಟಾರ್ಚ್ ಬಿಡ್ತಿದೀಯಲ್ಲೇ, ಏನಾಯ್ತು ನಿನಗೆ?” ಸೋಫಾದ ಮೇಲಿಂದ ಅತ್ತೆ ಕೇಳಿದರು. ಕನ್ನಡಕದ ಕಾಲು ಮುರಿದು ರಿಪೇರಿಗೆ ಹೋಗಿದ್ದರಿಂದ ಅವರು ಮಡಿಲಿನ ಬಟಾಣಿಯನ್ನು ಬೆರಳಿನಲ್ಲೇ ತಡವಿ ಸುಲಿಯುತ್ತಿದ್ದರು.

“ಮೀನಿಗೆ ಏನೋ ಬಂದಿದೆ ಅತ್ತೆ.”

“ಬರದೆ ಏನು! ಹೋದ ತಿಂಗಳು ನನಗೆ ಸಕ್ಕರೆ ಕಾಯಿಲೆ ಬರಿಸಿದ್ದೆ. ರಕ್ತ ತೆಗೆದವನೇ ನಕ್ಕು ಕಳಿಸಿದ. ಈಗ ಪಾಪ, ಅವುಗಳ ಸರದಿ.”

ಬೆಳಿಗ್ಗೆ ಒಂದು ಪುಟ್ಟ ಹಸಿರು ಮೀನು ಸತ್ತು ಪಂಪಿನ ಜಾಲರಿಗೆ ಅಂಟಿಕೊಂಡಿತ್ತು. ಗಂಡ ಅದನ್ನು ಬಲೆಯಲ್ಲಿ ಎತ್ತಿ, “ವಯಸ್ಸಾಗಿತ್ತು ಕಣೇ. ಸೈರನ್ ಶುರು ಮಾಡ್ಬೇಡ” ಎಂದು ನಗುತ್ತಲೇ ಕೆಲಸಕ್ಕೆ ಹೊರಟಿದ್ದ. ಸೈರನ್ ಎನ್ನುವುದು ಅವನು ಅವಳಿಗಿಟ್ಟ ಹೆಸರು. ಒಮ್ಮೆ ಗ್ಯಾಸ್ ಸೋರುತ್ತಿದೆ ಎಂದು ಅವಳು ಇಡೀ ಕಟ್ಟಡದವರನ್ನು ರಸ್ತೆಗೆ ಇಳಿಸಿದ್ದಳು; ಕೊನೆಗೆ ನೋಡಿದರೆ ಮೇಲಿನ ಮನೆಯವರು ಬಾಗಿಲಿಗೆ ಬಣ್ಣ ಹೊಡೆಸುತ್ತಿದ್ದರು. ಅಂದಿನಿಂದ ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಮೂಗು ಅರಳಿಸಿ ವಾಸನೆ ನೋಡಿದಂತೆ ಮಾಡಿ ಅವಳನ್ನು ರೇಗಿಸುತ್ತಿದ್ದರು.

ಆದರೆ ಇದು ಬಣ್ಣದ ವಾಸನೆಯಲ್ಲ. ಗಂಡ ತಂದಿಟ್ಟ ಮೀನಿನ ಪುಸ್ತಕಗಳನ್ನೆಲ್ಲ ಅವಳು ಓದಿದ್ದಳು. ಯಾವ ಪುಸ್ತಕವಾದರೂ ಮೊದಲು ಬಿಡಿಸುತ್ತಿದ್ದುದು ಕಾಯಿಲೆಗಳ ಅಧ್ಯಾಯವನ್ನೇ. ಈ ಧೂಳು ಧೂಳಲ್ಲ, ಜೀವ. ಕಣ್ಣಿಗೆ ಕಾಣದ ಪರಾವಲಂಬಿಗಳು ಮೀನಿನ ಕಿವಿರಿಗೆ ಕಚ್ಚಿಕೊಂಡು ಉಬ್ಬುತ್ತವೆ, ಉದುರಿ ಮರಳಿಗೆ ಬಿದ್ದು ಒಡೆಯುತ್ತವೆ, ಒಂದೊಂದರಿಂದಲೂ ನೂರಾರು ಹುಟ್ಟಿ ಮತ್ತೆ ಮೀನನ್ನು ಹುಡುಕಿಕೊಂಡು ಹೊರಡುತ್ತವೆ. ನೀರಿನೊಳಗೇ ಇದ್ದು ಮೀನು ಉಸಿರುಕಟ್ಟಿ ಸಾಯುತ್ತದೆ. ಬೆಳಿಗ್ಗೆ ಚೆನ್ನಾಗಿ ಆಹಾರ ತಿಂದ ಮೀನೂ ಸಂಜೆಗೆ ಬದುಕಿರುವುದಿಲ್ಲ. ತಾಮ್ರದ ಔಷಧಿಗೆ ಇದು ಬಗ್ಗುತ್ತದೆ. ಆದರೆ ಆ ಔಷಧಿಯನ್ನು ಈ ಟ್ಯಾಂಕಿಗೆ ಹಾಕಿದರೆ ಹವಳಗಳೆಲ್ಲ ಸತ್ತುಹೋಗುತ್ತವೆ. ಮೀನುಗಳನ್ನೇ ಹಿಡಿದು ಬೇರೆ ಟಬ್ಬಿಗೆ ಹಾಕಬೇಕು. ಹಿಡಿಯಬೇಕಾದರೆ ಬಂಡೆಗಳನ್ನು ಕೀಳಬೇಕು.

ಅಲ್ಲಿಗೆ ಬಂದು ಅವಳ ಯೋಚನೆ ನಿಂತುಬಿಡುತ್ತಿತ್ತು.

ಗಂಡ ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಕೂತಿದ್ದ ತಿಂಗಳುಗಳಲ್ಲಿ, ಯಾರ ಮುಖವನ್ನೂ ನೋಡದೆ ಗೋಡೆಗೆ ತಿರುಗಿ ಮಲಗುತ್ತಿದ್ದವನನ್ನು ಎಬ್ಬಿಸಿ ಕೂರಿಸಿದ್ದು ಈ ಟ್ಯಾಂಕು. ಒಂದೊಂದೇ ಕಲ್ಲನ್ನು ಅಂಟಿಸಿ ಕಮಾನು ಕಟ್ಟಿದ್ದ. ಬೆರಳುಗಾತ್ರದ ಹವಳದ ತುಂಡುಗಳನ್ನು ಅದರ ಮೇಲೆ ಕೂರಿಸಿದ್ದ. ಅವು ಈಗ ಅಂಗೈಯಗಲ ಹರಡಿದ್ದವು. ಅದನ್ನು ಅವಳು ಒಡೆದುಹಾಕಿ, ಆಮೇಲೆ ಮೀನಿಗೆ ಏನೂ ಆಗಿರಲಿಲ್ಲ ಎಂದಾದರೆ?

ಅವನ ಫೋನು ಸಿಗಲಿಲ್ಲ. ಮತ್ತೆ ಮಾಡಿದಳು. ಮೀನಿನ ಅಂಗಡಿಯವನು ಸಿಕ್ಕಿದ. “ಏನಿಲ್ಲ ಮೇಡಂ, ಸೀಸನ್ ಚೇಂಜಿಗೆ ಹಾಗಾಗುತ್ತೆ. ಬೆಳ್ಳುಳ್ಳಿ ರಸ ಆಹಾರಕ್ಕೆ ಬೆರೆಸಿ ಕೊಡಿ. ಸಾಹೇಬ್ರು ಬರಲಿ, ಮಾತಾಡೋಣ” ಎಂದ. ಗಂಡನ ಆಫೀಸಿಗೆ ಮಾಡಿದಳು.

“ಲಿಫ್ಟ್ ಶಾಫ್ಟ್ ಒಳಗಿದಾರೆ ಮೇಡಂ, ಫೋನ್ ಹೊರಗಿಟ್ಟು ಹೋಗಿದಾರೆ. ಕರೆಸಬೇಕಂದ್ರೆ ಕೆಲಸ ನಿಲ್ಲಿಸಬೇಕು. ಅರ್ಜೆಂಟಾ?”

ಅರ್ಜೆಂಟ್ ಎನ್ನುವ ಮಾತನ್ನು ಅವಳು ಎಷ್ಟು ಸಲ ಬಳಸಿದ್ದಳೆಂದರೆ ಅದಕ್ಕೀಗ ಬೆಲೆಯೇ ಇರಲಿಲ್ಲ. “ಇಲ್ಲ, ಪರವಾಗಿಲ್ಲ” ಎಂದು ಇಟ್ಟುಬಿಟ್ಟಳು.

ತಿರುಗಿ ನೋಡಿದರೆ ಹಳದಿ ಮೀನು ಪಂಪಿನ ಬಾಯಿಗೆ ಎದುರಾಗಿ ನಿಂತಿತ್ತು. ರಭಸದ ನೀರಿಗೆ ಮುಖ ಕೊಟ್ಟು, ಬಾಯಿ ತೆರೆದು, ಕಿವಿರನ್ನು ಪಟಪಟ ಬಡಿಯುತ್ತಿತ್ತು. ಓಡಿಬಂದವನು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುವ ಹಾಗೆ. ಮೂಲೆಯಲ್ಲಿ ಕಿತ್ತಳೆ ಪಟ್ಟೆಯ ಜೋಡಿಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಓಲಾಡುತ್ತಿದ್ದವು.

ಅವಳು ತಾನು ಕೆಲಸ ಮಾಡುವ ಲೈಬ್ರರಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಳೆ ಬಿಚ್ಚಿಟ್ಟಳು.

“ಅತ್ತೆ, ಬಕೆಟ್‌ಗಳು ಬೇಕು. ಮನೇಲಿರೋದೆಲ್ಲ.”

ಅವಳ ದನಿ ಎಂದಿನಂತೆ ಏರಿರಲಿಲ್ಲ. ಅದಕ್ಕೇ ಇರಬೇಕು, ಅತ್ತೆ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು ಎದ್ದರು. “ಅವನು ಬಂದು ಕೂಗಾಡಿದ್ರೆ ನನ್ನ ಕೇಳ್ಬೇಡ” ಎನ್ನುತ್ತಲೇ ಬಚ್ಚಲಿನಿಂದ ಎರಡೂ ಕೈಯಲ್ಲಿ ಬಕೆಟ್ ಎತ್ತಿಕೊಂಡು ಬಂದರು.

ಮೊದಲ ಕಲ್ಲು ಕಟಕ್ಕೆಂದು ಬಿಟ್ಟುಕೊಂಡಿತು. ಆ ಸದ್ದು ಅವಳ ಹಲ್ಲಿನೊಳಗೆ ಕೇಳಿಸಿತು. ಉಪ್ಪುನೀರು ತುಂಬಿದ ಬಕೆಟ್ಟಿಗೆ ಅದನ್ನು ಇಳಿಸಿ ಎರಡನೆಯದಕ್ಕೆ ಕೈಹಾಕಿದಳು. ನೇರಳೆ ಹವಳದ ಒಂದು ಕೊಂಬೆ ಮುರಿದು ಮರಳಿಗೆ ಬಿತ್ತು. ಕಮಾನನ್ನು ಇಡಿಯಾಗಿ ಎತ್ತಲು ನೋಡಿದಳು, ಆಗಲಿಲ್ಲ. ನಡುವಿಗೆ ಮುರಿದು ಎರಡಾಯಿತು. ಕದಡಿದ ನೀರಿನಲ್ಲಿ ಮೀನುಗಳು ದಿಕ್ಕೆಟ್ಟು ಗಾಜಿಗೆ ಹಾಯುತ್ತಿದ್ದವು. ಅವಳಿಗೆ ತಾನು ಕೊಲ್ಲುತ್ತಿದ್ದೇನೋ ಉಳಿಸುತ್ತಿದ್ದೇನೋ ತಿಳಿಯಲಿಲ್ಲ.

ಬಿಳಿಯ ಬೇಸಿನ್ನಿನಲ್ಲಿ ಬೆಚ್ಚನೆಯ ಸಿಹಿನೀರು. ಉಪ್ಪುನೀರಿನ ಮೀನನ್ನು ಸ್ವಲ್ಪ ಹೊತ್ತು ಸಿಹಿನೀರಿನಲ್ಲಿಟ್ಟರೆ ಮೈಗಂಟಿದ್ದು ಒಂದಿಷ್ಟಾದರೂ ಕಳಚುತ್ತದೆಂದು ಓದಿದ್ದಳು. ಥರ್ಮಾಮೀಟರ್ ನೋಡಿ, ಟ್ಯಾಂಕಿನ ಬಿಸಿಗೆ ಸರಿಹೊಂದಿಸಿ, ನಂಬಿಕೆ ಸಾಲದೆ ಮತ್ತೊಮ್ಮೆ ನೋಡಿದಳು. ನೀಲಿ ಮೀನನ್ನು ಇಳಿಸಿದಳು. ಅದು ಒಮ್ಮೆ ಕೊಡವಿಕೊಂಡು ಪಕ್ಕಕ್ಕೆ ಮಲಗಿಬಿಟ್ಟಿತು.

“ಹೋಯ್ತೇನೇ?” ಅತ್ತೆ ಪಿಸುಗುಟ್ಟಿದರು.

“ಸುಮ್ನಿರಿ ಅತ್ತೆ, ದಮ್ಮಯ್ಯ.”

ಕಿವಿರು ಆಡುತ್ತಿತ್ತು. ನೋಡನೋಡುತ್ತ ಬಿಳಿಯ ತಳದಲ್ಲಿ ಸಣ್ಣಗೆ, ಬೆರಳಲ್ಲಿ ಗೆರೆ ಎಳೆಯಬಹುದಾದಷ್ಟು, ಹೊಂಬಣ್ಣದ ಪುಡಿ ಇಳಿಯತೊಡಗಿತು. ಅವಳ ಕಣ್ಣು ತುಂಬಿ ಬಂತು. ಹೆದರಿಕೆಗೋ ಸಮಾಧಾನಕ್ಕೋ ಅವಳಿಗೇ ಗೊತ್ತಾಗಲಿಲ್ಲ. “ಇಲ್ಲಿ ನೋಡಿ ಅತ್ತೆ, ಇಲ್ಲಿ!”

ಅತ್ತೆ ಬೇಸಿನ್ನಿಗೆ ಮೂಗು ತಾಗುವಷ್ಟು ಬಗ್ಗಿದರು. “ನನಗೆ ನಿನ್ನ ಕೈ ಕಾಣೋದೇ ಕಷ್ಟ, ಇನ್ನು ಇದೇನು ಕಾಣುತ್ತೆ!”

ಗಂಡ ಹೊಸ ಮೀನುಗಳನ್ನು ವಾರಗಟ್ಟಲೆ ಬೇರೆ ಇಡುತ್ತಿದ್ದ ದೊಡ್ಡ ಟಬ್ಬು ಬಚ್ಚಲಿನಲ್ಲಿತ್ತು. ಅವನು ಬೆರೆಸಿಟ್ಟಿದ್ದ ಡ್ರಮ್ಮಿನಿಂದ ಅದಕ್ಕೆ ಹೊಸ ಉಪ್ಪುನೀರು ತುಂಬಿ, ಹೀಟರ್ ಇಳಿಬಿಟ್ಟು, ಗಾಳಿಯ ಕೊಳವೆ ಹಾಕಿದಳು. ಅವನು ತಂದಿಟ್ಟಿದ್ದ ತಾಮ್ರದ ಔಷಧಿಯನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಪರೀಕ್ಷೆಯ ಕೊಳವೆಯ ಬಣ್ಣವನ್ನು ಕಾರ್ಡಿನ ಬಣ್ಣದ ಪಕ್ಕ ಹಿಡಿದು ನೋಡಿದಳು. ಹೆಚ್ಚಾದರೆ ವಿಷ, ಕಡಿಮೆಯಾದರೆ ಬರೀ ನೀರು. ಒಂದೊಂದಾಗಿ ಮೀನುಗಳು ಬೇಸಿನ್ನಿನಿಂದ ಟಬ್ಬಿಗೆ ಹೋದವು. ಜೋಡಿಮೀನಿನಲ್ಲಿ ಚಿಕ್ಕದು ಬೇಸಿನ್ನಿನಲ್ಲೇ ಪ್ರಾಣ ಬಿಟ್ಟಿತು.

ಬೇಸಿನ್ನನ್ನು ಅವಳು ಹಾಗೇ ಬಿಟ್ಟಿದ್ದಳು. ಅವನು ಬಂದು ಆ ತಳವನ್ನೊಮ್ಮೆ ನೋಡಿದರೆ ಸಾಕು, ತಾನು ಬಾಯಿ ಬಿಡುವುದೇ ಬೇಡ. ಕಲ್ಲುಗಳನ್ನು ಕೈಗೆ ಬಂದಂತೆ ಟ್ಯಾಂಕಿಗೆ ಪೇರಿಸಿ, ನೆಲ ಒರೆಸಿ, ಕೈ ತಿಕ್ಕಿ ತೊಳೆದು ಅಡುಗೆಮನೆಗೆ ಬಂದಾಗ ಬೇಸಿನ್ನು ಸಿಂಕಿನ ಪಕ್ಕ ಬೋರಲಾಗಿ ಒಣಗುತ್ತಿತ್ತು. ಸೋಪಿನ ಘಮ ಬರುತ್ತಿತ್ತು.

“ಮೀನಿನ ನೀರು ಹಾಗೇ ಇಟ್ಟಿದ್ಯಲ್ಲ, ಚೆಲ್ಲಿ ತೊಳೆದೆ ಕಣೇ. ನೀನು ಸುಸ್ತಾಗಿದ್ದೆ” ಎಂದರು ಅತ್ತೆ.

ಅವಳು ಸಿಂಕಿನ ಅಂಚು ಹಿಡಿದುಕೊಂಡು ನಿಂತಳು.

ಅವನು ಬಂದವನು ಶೂ ಬಿಚ್ಚಲಿಲ್ಲ. ಕಮಾನಿಲ್ಲದ ಟ್ಯಾಂಕನ್ನು, ಗುಡ್ಡೆ ಹಾಕಿದ ಕಲ್ಲುಗಳನ್ನು, ಮುರಿದ ನೇರಳೆ ಕೊಂಬೆಯನ್ನು ನೋಡುತ್ತ ನಿಂತ. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

“ಏನು ಮಾಡಿದೀಯ ಇದು?”

“ಕಿವಿರಿಗೆ ಹಿಡಿದಿತ್ತು ರೀ. ಧೂಳಿನ ಹಾಗೆ. ಸಂಜೆ ತನಕ ಕಾದಿದ್ರೆ—”

“ಕಾಯಬೇಕಿತ್ತು. ನಾನು ಬಂದು ನೋಡ್ತಿದ್ದೆ. ಒಂದು ಮೀನು ಸತ್ತಿದ್ದಕ್ಕೆ ಎಲ್ಲಾ ಕಿತ್ತು ಹಾಕ್ತಾರಾ?”

“ನಾನು ನೋಡಿದೆ ಕಣೋ,” ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. “ಬೇಸಿನ್ ತುಂಬ ಇತ್ತು. ಚಿನ್ನದ ಪುಡಿ ಹಾಗೆ. ಈ ಕಣ್ಣಿಂದ ನೋಡಿದೆ. ನಾನೇ ಚೆಲ್ಲಿದ್ದು.”

ಅವನು ಬರಿಗಣ್ಣಿನ ತಾಯಿಯನ್ನು ನೋಡಿದ. ತಾಯಿ ಅವನು ನಿಂತಿದ್ದ ಕಡೆಗಿಂತ ಒಂದಿಷ್ಟು ಆಚೆಗೆ ನೋಡುತ್ತ, ಗದ್ದ ಎತ್ತಿಕೊಂಡು ನಿಂತಿದ್ದರು. ಅವನು ಬಚ್ಚಲಿಗೆ ಹೋಗಿ ಟಬ್ಬಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹಳದಿ ಮೀನಿನ ಬಾಯಿ ತೆರೆದು ಮುಚ್ಚುವುದನ್ನು ಬಹಳ ಹೊತ್ತು ನೋಡಿದ.

“ಎಲ್ಲಿಂದ ಬಂತು ಇದು? ಹೊಸ ಮೀನು ಯಾವುದೂ ತಂದಿಲ್ಲ. ತಂದ್ರೂ ನೇರ ಹಾಕೋನಲ್ಲ ನಾನು” ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಅವನ ಮುಖ ಬದಲಾಯಿತು. “ಬಸವನಹುಳು. ಪಾಚಿ ತಿನ್ನಲಿ ಅಂತ ಹೋದ ವಾರ ತಂದೆನಲ್ಲ. ಅವಕ್ಕೇನು ಕಾಯಿಲೆ ಅಂತ... ನೇರ ಹಾಕಿಬಿಟ್ಟೆ. ಚಿಪ್ಪಿಗೆ ಅಂಟಿಕೊಂಡು ಬಂದಿರಬೇಕು.”

ಅವಳು ಬಾಗಿಲ ಬಳಿ ನಿಂತೇ ಇದ್ದಳು. ಗೆದ್ದೆ ಎನ್ನಿಸಲಿಲ್ಲ. ನೀಲಿ ಮೀನು ಈಗಲೂ ಟಬ್ಬಿನ ಮೂಲೆಗೆ ಒರಗಿಕೊಂಡಿತ್ತು.

“ಉಳಿಯುತ್ತಾ?” ಎಂದು ಕೇಳಿದಳು.

“ಗೊತ್ತಿಲ್ಲ.” ಅವನು ಸರಿದು ಪಕ್ಕದಲ್ಲಿ ಜಾಗ ಮಾಡಿದ. “ಔಷಧಿ ಎಷ್ಟು ಬಿಟ್ಟೆ, ತೋರಿಸು.”

ಅವಳು ಪರೀಕ್ಷೆಯ ಕೊಳವೆ ತರಲು ಹಾಲಿಗೆ ಬಂದಳು. ಯಾರೂ ಟ್ಯಾಂಕಿನ ದೀಪ ಆರಿಸಿರಲಿಲ್ಲ. ಕದಡಿದ್ದು ಇಳಿದು ನೀರು ತಿಳಿಯಾಗಿತ್ತು. ಗುಡ್ಡೆಯಾಗಿದ್ದ ಕಲ್ಲುಗಳ ತುದಿಗೆ ಒಂದು ಕೆಂಪು ಸಿಗಡಿ ಹತ್ತಿ ನಿಂತಿತ್ತು. ಮೀನುಗಳು ಬಂದು ನಿಂತರೆ ಅವುಗಳ ಮೈ ಹೆಕ್ಕಿ ಶುಚಿ ಮಾಡುವ ಸಿಗಡಿ. ಉದ್ದನೆಯ ಬಿಳಿ ಮೀಸೆಗಳನ್ನು ಮುಂದಕ್ಕೆ ಚಾಚಿ, ಬನ್ನಿ ಎಂದು ಕರೆಯುವ ಹಾಗೆ, ಖಾಲಿ ನೀರಿನಲ್ಲಿ ಮೆಲ್ಲಗೆ ಆಚೆ ಈಚೆ ತೂಗುತ್ತಿತ್ತು.