ತೊಗಲು ಕೊಡಲು ಬಂದವನು

ಯರ್ರಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನೇ ಪಂಚೆಯನ್ನು ತೊಡೆಯವರೆಗೆ ಎತ್ತಿದ. "ಇಲ್ಲಿಂದ ತಗಳಮ್ಮ. ಬೆಳಿಗ್ಗೆ ಸೀಗೆಕಾಯಿ ಹಾಕಿ ಎರಡು ಸಲ ಉಜ್ಜಿ ತೊಳ್ಕೊಂಡು ಬಂದಿವ್ನಿ."

ನರ್ಸ್ ಲಲಿತಾ ರಾಯದುರ್ಗದ ಕಡೆಯವಳು. ಕೈಯಲ್ಲಿದ್ದ ಟ್ರೇ ಕೆಳಗಿಟ್ಟು, "ಏನ್ ತಗೊಳ್ಳಾದ್ರಿ ಯಜಮಾನ್ರ?" ಎಂದಳು.

"ತೊಗಲು. ನಮ್ ಮಂಜುಳನ ಕೈಗೆ ತೊಗಲು ಹಾಕ್ಬೇಕು ಅಂದ್ರಲ್ಲ ಡಾಕ್ಟ್ರು."

ಮಂಜುಳ ಅವನ ಒಬ್ಬಳೇ ಮಗಳು. ಮಡಕಶಿರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ಗೂಡು ಬೇಯಿಸುವ ಕುದಿನೀರು ಬಲಗೈ ಮೇಲೆ ಮಗುಚಿ, ಬೆರಳ ಬುಡದಿಂದ ಮಣಿಕಟ್ಟಿನವರೆಗೆ ತೊಗಲು ಹೋಗಿತ್ತು. ಹೊಸದು ಹತ್ತದಿದ್ದರೆ ಬೆರಳು ಸೆಟೆದುಕೊಳ್ಳುತ್ತವೆ ಎಂದಿದ್ದರು ಡಾಕ್ಟರು. ಎಳೆ ಹಿಡಿಯುವ ಬೆರಳು ಸೆಟೆದರೆ ಅವಳ ಅನ್ನವೇ ಹೋದಂತೆ.

ಯರ್ರಪ್ಪ ಕುರಿ ಸಾಕಿದವನು. ಹೋದ ವರ್ಷ ಸತ್ತ ಮರಿಯ ತೊಗಲು ಸುಲಿದು ಒಂದು ತಬ್ಬಲಿ ಮರಿಗೆ ಹೊದಿಸಿದ್ದ. ಸತ್ತ ಮರಿಯ ತಾಯಿ ಮೂಸಿ ನೋಡಿ, ತನ್ನದೇ ಎಂದು ಹಾಲು ಕೊಟ್ಟಿತ್ತು. ಒಬ್ಬರ ತೊಗಲು ಇನ್ನೊಬ್ಬರಿಗೆ ಆಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಲಿತಾಳಿಗೂ ಅದನ್ನೇ ಹೇಳಿದ.

ಅವಳು ಬಂದ ನಗುವನ್ನು ನುಂಗಿಕೊಂಡಳು. "ಕುರಿ ಮೋಸ ಹೋಗ್ತೈತ್ರಿ, ಮೈ ಮೋಸ ಹೋಗಂಗಿಲ್ಲ. ನಿಮ್ ತೊಗಲು ಹಾಕಿದ್ರ ನಾಕ್ ದಿನ ಇಟ್ಕೊಂಡು ಹೊರಗ ದಬ್ಬತೈತಿ. ಆಕಿ ತೊಡಿದೇ ಬೇಕ್ರಿ. ಮ್ಯಾಲಿಂದ ಈರುಳ್ಳಿ ಪೊರಿಯಷ್ಟು ತೆಗಿತಾರ."

"ಒಂದು ಗಾಯಕ್ಕೆ ಇನ್ನೊಂದು ಗಾಯನಾ ತಾಯಿ?" ಎಂದ ಯರ್ರಪ್ಪ. ಅಷ್ಟು ದೂರದಿಂದ ಕೊಡಲೆಂದೇ ಬಂದಿದ್ದ. ಈಗ ಕೊಡುವುದಕ್ಕೆ ಏನೂ ಇರಲಿಲ್ಲ.

ಒಳಗಿನ ಮಂಚದಿಂದ ಮಂಜುಳ ಕೂಗಿದಳು. "ಅಪ್ಪಾ, ನೀನು ಕುರಿ ಉಣ್ಣೆ ಕತ್ತರಿಸ್ತೀಯಲ್ಲ, ಅದು ಮತ್ತೆ ಬರಾಕಿಲ್ವಾ? ಅಡಿ ತೊಗಲು ಹಂಗೇ ಇರ್ತದಂತೆ. ಹದಿನೈದು ದಿನಕ್ಕೆ ಮೇಲಿಂದು ಬತ್ತದಂತೆ. ನಾನು ಹೂಂ ಅಂದಿವ್ನಿ. ನೀನು ಮೊದ್ಲು ಪಂಚೆ ಇಳಿಸು."

ಯರ್ರಪ್ಪ ಇಳಿಸಿದ.

ಮಾರನೇ ದಿನ ಆಪರೇಷನ್ ಆಯಿತು. ಐದನೇ ದಿನ ಕಟ್ಟು ಬಿಚ್ಚುವಾಗ ಅವನು ಮಂಚದ ಪಕ್ಕದಲ್ಲೇ ನಿಂತಿದ್ದ. ಲಲಿತಾ ಬಟ್ಟೆಯನ್ನು ನೀರಲ್ಲಿ ನೆನೆಸಿ ನೆನೆಸಿ ಬಿಡಿಸಿದಳು. ಡಾಕ್ಟರು ಹೊಸ ತೊಗಲನ್ನು ಬೆರಳಿಂದ ಮೆಲ್ಲಗೆ ಒತ್ತಿದರು. ಒತ್ತಿದ ಜಾಗ ಬೆಳ್ಳಗಾಯಿತು. ಬೆರಳು ತೆಗೆದರು. ಯರ್ರಪ್ಪ ಬಗ್ಗಿ ನೋಡಿದ. ನಿಧಾನಕ್ಕೆ ಅಲ್ಲಿ ಕೆಂಪು ತುಂಬಿತು.

"ರಕ್ತ ಬಂದೈತ್ರಿ ಯಜಮಾನ್ರ, ತೊಗಲು ಹತ್ತೈತಿ!" ಎಂದಳು ಲಲಿತಾ.

"ನಿನ್ ತೊಡೆ ಉಳೀತು ಬಿಡಪ್ಪ" ಎಂದು ಮಗಳು ನಕ್ಕಾಗ ಅವನು ಟವಲಿನಿಂದ ಮುಖ ಒರೆಸಿಕೊಂಡ.

ಒಬ್ಬನೇ ಊರಿಗೆ ಹೊರಟವನಿಗೆ ಮಡಕಶಿರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಯರ್ರಪ್ಪ ಪಂಚೆ ಸರಿಸಿ ತೊಡೆಯನ್ನು ಬೆರಳಿಂದ ಒತ್ತಿ ನೋಡಿದ. ಕಪ್ಪು ತೊಗಲಲ್ಲಿ ಏನೂ ಕಾಣಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಆಚೆ ಸರಿದು ಕೂತಳು. ಅವನು ಅಂಗೈಯನ್ನು ಬಿಸಿಲಿಗೆ ಹಿಡಿದು ಹೆಬ್ಬೆರಳಿಂದ ಒತ್ತಿ ಬಿಟ್ಟ. ಬೆಳ್ಳಗಾಯಿತು, ಕೆಂಪಾಯಿತು. ಇನ್ನೊಂದು ಸಲ ಒತ್ತಿದ.